ಕಾದಂಬರಿ ಬರೆಯೋದು ಬೆಳಗ್ಗೆ, ಮಿಕ್ಕಿದ್ದೆಲ್ಲ ಆಮೇಲೆ

ನಿಮ್ಮಲ್ಲಿ ಅರ್ಧ ಜನ ಕಾದಂಬರಿ ಬರೀಬೇಕು ಅಂತಿರೋರು, ಇನ್ನರ್ಧ ಜನ ಅಂಥೋರ ಮನೇಲಿರೋರು ಅಂತ ಕೇಳಿದೆ. ಎರಡನೇ ಗುಂಪಿನೋರ ಮೇಲೆ ನನಗೆ ಮೊದಲಿಂದ್ಲೂ ಕನಿಕರ ಜಾಸ್ತಿ. ನನ್ನನ್ನ ಕರೆದಾಗ "ಸೃಜನಶೀಲತೆಯ ರಹಸ್ಯ" ಅಂತ ವಿಷಯ ಕೊಟ್ಟಿದ್ರು, ನಾನೇ ಬೇಡ ಅಂದೆ, ಆ ರಹಸ್ಯ ನನಗೆ ಗೊತ್ತಿದ್ರೆ ಇಷ್ಟೊತ್ತಿಗೆ ಇನ್ನೂ ನಾಕು ಪುಸ್ತಕ ಬಂದಿರ್ತಿದ್ವು. ಅದರ ಬದಲು ಕಾದಂಬರಿ ಬರೆಯೋರ ಒಂದು ಮಾಮೂಲಿ ವಾರ ಹೇಗಿರತ್ತೆ ಅಂತ ಹೇಳ್ತೀನಿ ಅಂದೆ. ಒಪ್ಕೊಂಡ್ರು, ಸ್ವಲ್ಪ ನಿರಾಸೆಯಿಂದ್ಲೇ ಅನ್ಸತ್ತೆ.

ಹೋದ ಸೋಮವಾರದಿಂದ ಶುರು ಮಾಡ್ತೀನಿ. ಬೆಳಗಿನ ಬರವಣಿಗೆ ಮುಗಿಸಿ ಮೇಲ್ ತೆಗೆದ್ರೆ ಮೂರು ಮೇಲ್ ಕೂತಿದ್ವು. ಒಂದು, ನಾಕು ವರ್ಷದ ಹಿಂದೆ ಬಂದ ಪುಸ್ತಕದ ರಾಯಲ್ಟಿ ಸ್ಟೇಟ್‌ಮೆಂಟ್, ಅಂದ್ರೆ ಮಾರಾಟದಲ್ಲಿ ಲೇಖಕರಿಗೆ ಬರೋ ಪಾಲಿನ ಲೆಕ್ಕ. ಇನ್ನೊಂದು, ಇನ್ನೇನು ಪ್ರೆಸ್ಸಿಗೆ ಹೋಗ್ಬೇಕಿದ್ದ ಪುಸ್ತಕದ ಕೊನೇ ಪ್ರೂಫು, ಜೊತೆಗೆ ಪ್ರೂಫ್ ನೋಡೋರು ಬರೆದ ಪ್ರಶ್ನೆಗಳ ಪಟ್ಟಿ, ಬುಧವಾರ ಸಂಜೆ ಒಳಗೆ ವಾಪಸ್ ಬೇಕು ಅಂತ. ಮತ್ತೊಂದು, ನಾನಿನ್ನೂ ಅರ್ಧಾನೂ ಬರೆದಿರದ ಪುಸ್ತಕದ ಅಗ್ರಿಮೆಂಟು, "ಓದಿ ಸಹಿ ಹಾಕಿ ಕಳಿಸಿ" ಅಂತ. ಜನ ಕೇಳ್ತಾರೆ, ಈಗ ಯಾವ ಪುಸ್ತಕದಲ್ಲಿದೀರ ಅಂತ. ಒಂದರಲ್ಲಿ ಇದ್ರೆ ತಾನೇ ಹೇಳೋದು. ಒಂದು ಕಾಲೇಜಿಗೆ ಹೋಗಿದೆ, ಒಂದು ಹಲ್ಲು ಬರ್ತಿರೋ ವಯಸ್ಸಲ್ಲಿದೆ, ಒಂದು ಇನ್ನೂ ಹೊಟ್ಟೇಲಿದೆ, ಮೂರೂ ಒಂದೇ ದಿನ ಅಳ್ತವೆ. ನಾನು ಶುರು ಮಾಡಿದಾಗ ಇದನ್ನ ಯಾರೂ ಹೇಳಿರ್ಲಿಲ್ಲ, ಒಂದು ಪುಸ್ತಕ ಪೂರ್ತಿ ಮುಗಿಸಿ ಕೈ ತೊಳ್ಕೊಂಡು ಆಮೇಲೆ ಇನ್ನೊಂದು ಶುರು ಮಾಡೋದು ಅಂತ್ಲೇ ಅಂದ್ಕೊಂಡಿದ್ದೆ. ಪುಸ್ತಕ ಹಾಗೆ ಮುಗಿಯೋದಿಲ್ಲ, ಅಚ್ಚಾದ ಮೇಲೂ ವರ್ಷಕ್ಕೊಂದೆರಡು ಸಲ ಬಾಗಿಲು ತಟ್ಟತ್ತೆ.

ಮೊದ್ಲು ಆ ಪ್ರೂಫಿನ ಪಟ್ಟಿ ತಗೊಳ್ತೀನಿ, ಯಾಕಂದ್ರೆ ನನ್ನ ವಾರ ಹಾಳಾಗಿದ್ದೇ ಅದರಿಂದ. ಒಟ್ಟು ಇಪ್ಪತ್ತಮೂರು ಪ್ರಶ್ನೆ ಇದ್ವು. ಇಪ್ಪತ್ತೆರಡು ಮಾಮೂಲಿ, ಇಲ್ಲಿ ಒತ್ತು ಬಿಟ್ಟೋಗಿದೆ, ಇಲ್ಲಿ "ಅತ್ತಿಗೆ" ಅಂತಿದೆ ಹಿಂದಿನ ಪುಟದಲ್ಲಿ ಅದೇ ಹೆಂಗಸು "ನಾದಿನಿ", ಇಂಥವು. ಹದಿನೇಳನೇದು ಮಾತ್ರ ಹೀಗಿತ್ತು: ಪುಟ 129ರಲ್ಲಿ ಕಳ್ಳತನ ಆಗೋದು ಅಮಾವಾಸ್ಯೆ ಕಳೆದು ಎರಡನೇ ರಾತ್ರಿ. ಪುಟ 174ರಲ್ಲಿ, ಅದಾಗಿ ನಾಕನೇ ರಾತ್ರಿ, ಎರಡು ಗಂಟೆಗೆ ತಮ್ಮ (ಕಿರಿಮಗ) ಮನೆ ಬಿಟ್ಟು ಹೋಗ್ತಾನೆ, ಗೋಡೆ ಮೇಲೆ ಅವನ ನೆರಳು ಬೀಳೋಷ್ಟು ಬೆಳದಿಂಗಳಿದೆ. ಆ ಹೊತ್ತಿಗೆ ಚಂದ್ರ ಇರ್ತಾನಾ?

ಇರಲ್ಲ. ಅಮಾವಾಸ್ಯೆ ದಿನ ಚಂದ್ರ ಹೆಚ್ಚುಕಮ್ಮಿ ಸೂರ್ಯನ ಜೊತೆಗೇ ಮುಳುಗ್ತಾನೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡ್ತಾ ಹೋಗ್ತಾನೆ. ಆರು ದಿನ ಅಂದ್ರೆ ಐದು ಗಂಟೆ, ರಾತ್ರಿ ಹನ್ನೊಂದರ ಆಸುಪಾಸಿಗೆ ಕಂತಿರ್ತಾನೆ, ಅದೂ ಅರ್ಧ ಚಂದ್ರಕ್ಕಿಂತ ಚಿಕ್ಕೋನು. ಎರಡು ಗಂಟೆಗೆ ಗವ್ವೆನ್ನೋ ಕತ್ತಲೆ. ಇದನ್ನ ನಾನು ನೋಡಿರ್ಲಿಲ್ಲ, ಆರು ಸಲ ತಿದ್ದಿ ಬರೆದಿದ್ದೆ. ಸಂಪಾದಕರು ನೋಡಿರ್ಲಿಲ್ಲ. ಕಾಪಿ ಎಡಿಟ್, ಅಂದ್ರೆ ಸಾಲು ಸಾಲಾಗಿ ತಿದ್ದೋ ಕೆಲಸ, ಮಾಡಿದೋರು ಕಣ್ಣಲ್ಲಿ ಕಣ್ಣಿಟ್ಟು ಓದೋರು, ಅವರೂ ನೋಡಿರ್ಲಿಲ್ಲ. ಮೂರು ಜನರ ಕಣ್ಣು ತಪ್ಪಿಸ್ಕೊಂಡು ಬಂದ ಚಂದ್ರ ನಾಕನೇಯವರ ಕೈಗೆ ಸಿಕ್ಕಿಬಿದ್ದ. ನೆರಳು ತೆಗೆದು ಬಿಸಾಕಿದ್ರಾಯ್ತಪ್ಪ ಅಂತೀರಿ. ಆದ್ರೆ ಒಳಗೆ ಮಲಗಿರೋ ತಾಯಿಗೆ ಮಗ ಹೊರಟ ಅಂತ ಗೊತ್ತಾಗೋದೇ ಆ ನೆರಳಿಂದ, ಗೊತ್ತಾಗಿಯೂ ಅವಳು ಕೂಗದೆ ಸುಮ್ನಿರ್ತಾಳೆ, ಆ ಸುಮ್ನಿರೋದೇ ಕಾದಂಬರಿಯ ಕೊನೇ ಮೂವತ್ತು ಪುಟ. ಅಮಾವಾಸ್ಯೆನೇ ಹಿಂದಕ್ಕೆ ತಳ್ಳೋಣ ಅಂದ್ರೆ ಕಳ್ಳತನಕ್ಕೆ ಕತ್ತಲೆ ಬೇಕು.

ಇದಕ್ಕೆ ಆಮೇಲೆ ಬರ್ತೀನಿ. ಈಗ ಎಡಿಟ್ ಅಂದ್ರೇನು ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ತಪ್ಪು ತಿದ್ದೋದು ಅಂತ್ಲೇ ಎಲ್ರೂ ತಿಳ್ಕೊಂಡಿರ್ತಾರೆ, ನಾನೂ ತಿಳ್ಕೊಂಡಿದ್ದೆ. ಅದು ಮೂರು ನಾಕು ಸುತ್ತು. ಮೊದಲನೇ ಸುತ್ತಲ್ಲಿ ಸಂಪಾದಕರು ಒಂದು ಪತ್ರ ಬರೀತಾರೆ, ನಾಕೈದು ಪುಟ, ಅದರಲ್ಲಿ ಒಂದು ಅಕ್ಷರ ತಪ್ಪೂ ತೋರ್ಸಿರಲ್ಲ. "ಅಣ್ಣನ ಪಾತ್ರ ಅರ್ಧಕ್ಕೇ ಎಲ್ಲಿ ಹೋಯ್ತು", "ಮೊದಲ ಎರಡು ಅಧ್ಯಾಯ ನೀವು ಕತೆ ಹುಡುಕ್ತಾ ಬರೆದಿದ್ದು, ಓದುಗರಿಗೆ ಯಾಕೆ ಆ ಶಿಕ್ಷೆ" ಇಂಥವು. ಈ ಪತ್ರ ಬಂದ ದಿನ ನಾನು ಉತ್ತರ ಬರೆಯೋದಿಲ್ಲ. ಒಂದ್ಸಲ ಬರೆದಿದ್ದೆ, ರಾತ್ರಿ ಹನ್ನೊಂದೂವರೆಗೆ, ಪ್ರತಿ ಪಾಯಿಂಟಿಗೂ ಪ್ರತಿವಾದ ಹಾಕಿ. ಪುಣ್ಯಕ್ಕೆ ನೆಟ್ ಇರ್ಲಿಲ್ಲ, ಮೇಲ್ ಔಟ್‌ಬಾಕ್ಸಲ್ಲೇ ಕೂತಿತ್ತು. ಬೆಳಗ್ಗೆ ಓದಿದ್ರೆ ಹತ್ತರಲ್ಲಿ ಏಳು ಅವರು ಹೇಳಿದ್ದೇ ಸರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನ್ನ ಹೆಗ್ಗಣ ನನಗೆ ಹೆಗ್ಗಣ ಅಂತ ಕಾಣೋಕೆ ಸರಾಸರಿ ಮೂರು ದಿನ ಬೇಕು.

ಅದಾದ್ಮೇಲೆ ಸಾಲು ಸಾಲಾಗಿ ತಿದ್ದೋ ಸುತ್ತು. ಮಾಡಿದ ತಿದ್ದುಪಡಿಯೆಲ್ಲ ಗುರುತಾಗಿ ಕಾಣೋ ಹಾಗೆ ಟ್ರ್ಯಾಕ್ ಚೇಂಜಸ್ ಹಾಕಿ ಫೈಲ್ ಕಳಿಸ್ತಾರೆ, ಮಗ್ಗುಲಲ್ಲಿ ಬಣ್ಣ ಬಣ್ಣದ ಕಾಮೆಂಟು. ಮೊದಲನೇ ಸಲ ಅದನ್ನ ತೆಗೆದು ನೋಡಿದಾಗ ನನ್ನ ಪುಸ್ತಕಕ್ಕೆ ಏನೋ ಆಕ್ಸಿಡೆಂಟ್ ಆಗಿದೆ ಅನ್ಸಿತ್ತು. ಇಲ್ಲಿ ಹೊಸಬರು ಮಾಡೋ ತಪ್ಪು ಎರಡು ತರ. ಕೆಲವ್ರು ಎಲ್ಲದಕ್ಕೂ ಜಗಳ ತೆಗೀತಾರೆ, ಕೆಲವ್ರು ಎಲ್ಲವನ್ನೂ ಒಂದೇ ಏಟಿಗೆ ಆಕ್ಸೆಪ್ಟ್ ಮಾಡಿಬಿಡ್ತಾರೆ. ನನಗೆ ಎರಡನೇದೇ ಹೆಚ್ಚು ಅಪಾಯ ಅನ್ಸತ್ತೆ. ನನ್ನ ಒಂದು ಪುಸ್ತಕದಲ್ಲಿ ಅಜ್ಜಿ ಒಬ್ಬಳು ಬೇಕಂತಲೇ ಪ್ರತಿ ಮಾತಿಗೂ "ಅದೇ ಮತ್ತೆ" ಅಂತಾಳೆ, ಪುನರುಕ್ತಿ ಅಂತ ಎಡಿಟಲ್ಲಿ ಹನ್ನೆರಡು ಕಡೆ ಅದನ್ನ ಹೊಡೆದಿದ್ರು, ಕೆಲಸ ಬೇಗ ಮುಗೀಲಿ ಅಂತ ನಾನು ಒಂದೇ ಸಲ ಒಪ್ಕೊಂಡೆ, ಪುಸ್ತಕ ಬಂದ್ಮೇಲೆ ನೋಡಿದ್ರೆ ಅಜ್ಜಿ ಯಾವ್ದೋ ಆಫೀಸಿನ ಹೆಡ್ ಕ್ಲರ್ಕ್ ತರ ಮಾತಾಡ್ತಿದಾಳೆ. ಹೊಡೆದಿದ್ದನ್ನ ಉಳಿಸ್ಕೊಳ್ಳೋಕೆ ಒಂದು ಪದ ಇದೆ, ಸ್ಟೆಟ್ ಅಂತ. ಲ್ಯಾಟಿನ್ನಿಂದ ಬಂದಿದ್ದು, "ಇದ್ದಂಗೇ ಇರ್ಲಿ" ಅಂತ ಅರ್ಥ. ಹೊಡೆದ ಪದದ ಕೆಳಗೆ ಚುಕ್ಕಿ ಸಾಲು ಇಟ್ಟು ಪಕ್ಕದಲ್ಲಿ ಸ್ಟೆಟ್ ಅಂತ ಬರೆದ್ರೆ ತೆಗೆದಿದ್ದು ವಾಪಸ್ ಬರತ್ತೆ. ಲೇಖಕರ ಕೈಲಿರೋ ಅಧಿಕಾರ ಅಂದ್ರೆ ಅದೊಂದೇ, ಅದನ್ನ ಉಪ್ಪಿನ ತರ ಬಳಸ್ಬೇಕು.

ಇನ್ನೊಂದು ಸಣ್ಣ ವಿಷಯ. ಎಡಿಟ್ ಆದ ಫೈಲ್ ಬಂದ್ಮೇಲೆ ಹಳೇ ಫೈಲನ್ನ ಬೇರೆ ಫೋಲ್ಡರಿಗೆ ಹಾಕಿ ಕಣ್ಣಿಗೆ ಕಾಣದಂಗೆ ಮಾಡಿ. ನಾನು ಹನ್ನೊಂದು ದಿನ ಹಳೇ ಫೈಲಲ್ಲೇ ತಿದ್ದುತಾ ಕೂತಿದ್ದೆ. ಹೆಸರು ಎರಡಕ್ಕೂ ಒಂದೇ ತರ, ಕೊನೇಲಿ ಒಂದು ಅಂಕಿ ವ್ಯತ್ಯಾಸ. ವರ್ಡಲ್ಲಿ ಎರಡು ಫೈಲ್ ಹೋಲಿಸಿ ನೋಡೋ ಸೌಲಭ್ಯ ಇದೆ ಅಂತ ಗೊತ್ತಾಗಿದ್ದು ಆವಾಗ್ಲೇ.

ಆಮೇಲೆ ಪುಟ ಕಟ್ತಾರೆ. ಇಲ್ಲಿಂದ ಆಟದ ನಿಯಮನೇ ಬೇರೆ. ಅಲ್ಲಿವರೆಗೆ ಕಾದಂಬರಿ ಅಂದ್ರೆ ಪದ, ಇಲ್ಲಿಂದ ಮುಂದೆ ಅದು ಕಾಗದ. ಅಚ್ಚು ಮಾಡೋರು ಒಂದೊಂದೇ ಪುಟ ಅಚ್ಚು ಹಾಕಲ್ಲ, ದೊಡ್ಡ ಹಾಳೆ ಮೇಲೆ ಹಾಕಿ ಮಡಚಿ ಕತ್ತರಿಸ್ತಾರೆ, ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ. ನನ್ನ ಈ ಪುಸ್ತಕ ಸರಿಯಾಗಿ 240 ಪುಟ, ಹದಿನೈದು ಫಾರಂ, ಕೊನೇ ಪುಟದಲ್ಲಿ ನಾಕೇ ನಾಕು ಸಾಲಿನ ಜಾಗ ಉಳಿದಿದೆ. 241ನೇ ಪುಟ ಬಂತು ಅಂದ್ರೆ ಇನ್ನೊಂದು ಫಾರಂ, ಇಲ್ಲ ಅರ್ಧ ಫಾರಂ ಸೇರಿಸ್ಬೇಕು, ಬೆನ್ನಿನ ದಪ್ಪ ಬದ್ಲಾಗತ್ತೆ, ಮುಖಪುಟದ ಡಿಸೈನ್ ಮತ್ತೆ ತಿದ್ಬೇಕು, ಖರ್ಚು ಏರತ್ತೆ. ಪ್ರೂಫ್ ಹಂತದಲ್ಲಿ ಒಂದು ಪ್ಯಾರಾ ಸೇರಿಸ್ತೀನಿ ಅಂದ ಕೂಡ್ಲೇ ಪ್ರಕಾಶಕರ ದನಿ ಯಾಕೆ ಸಣ್ಣಗಾಗತ್ತೆ ಅಂತ ನನಗೆ ಎಷ್ಟೋ ವರ್ಷ ಗೊತ್ತಿರ್ಲಿಲ್ಲ. ಬಾಲ್ಜಾಕ್ ಇದ್ದನಲ್ಲ, ಫ್ರೆಂಚ್ ಕಾದಂಬರಿಕಾರ, ಅವನು ನಿಜವಾದ ಬರವಣಿಗೆ ಶುರು ಮಾಡ್ತಿದ್ದದ್ದೇ ಪ್ರೂಫ್ ಬಂದ್ಮೇಲೆ. ಅಗಲ ಅಂಚು ಬಿಟ್ಟು ಪ್ರೂಫ್ ತೆಗೆಸ್ಕೊಂಡು ಅದರ ತುಂಬ ಗೆರೆ ಬಾಣ ಎಳೆದು ಹೊಸ ಪುಟಗಳನ್ನೇ ಬರೆದು ಕಳಿಸೋನು, ಮತ್ತೆ ಪ್ರೂಫ್, ಮತ್ತೆ ತಿದ್ದುಪಡಿ. ಅಚ್ಚಿನ ಮೊಳೆ ಜೋಡಿಸೋರು ಅವನ ಹಾಳೆ ಅಂದ್ರೆ ಹೆದರೋರು, ತಿದ್ದುಪಡಿ ಖರ್ಚು ಅವನ ಸಂಪಾದನೆಯಿಂದ್ಲೇ ಹೋಗೋದು. ಈಗ್ಲೂ ಎಷ್ಟೋ ಅಗ್ರಿಮೆಂಟಲ್ಲಿ ಒಂದು ಷರತ್ತು ಇರತ್ತೆ ನೋಡಿ, ಪುಟ ಕಟ್ಟಿದ ಮೇಲೆ ಲೇಖಕರು ಮಾಡೋ ಬದಲಾವಣೆಯ ಖರ್ಚು ಪುಟ ಕಟ್ಟೋ ಖರ್ಚಿನ ಇಷ್ಟು ಭಾಗ, ಸಾಮಾನ್ಯವಾಗಿ 10%, ದಾಟಿದ್ರೆ ಲೇಖಕರ ಲೆಕ್ಕಕ್ಕೆ ಅಂತ. ಆ ಸಾಲು ಓದಿದಾಗೆಲ್ಲ ನನಗೆ ಬಾಲ್ಜಾಕನ ಮುಖ ಕಾಣತ್ತೆ.

ಗಡುವಿನ ವಿಷಯಕ್ಕೆ ಬರೋಣ. ಗಡುವು ದಾಟದ ಲೇಖಕರನ್ನ ನಾನು ನೋಡಿಲ್ಲ, ಇದ್ದಾರೆ ಅಂತ ಕೇಳಿದೀನಿ. ನಾನು ನನ್ನ ಎರಡನೇ ಪುಸ್ತಕ ಒಂಬತ್ತು ತಿಂಗಳು ತಡ ಮಾಡಿದೆ. ತಡ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಅದನ್ನ ಮುಚ್ಚಿಟ್ಟಿದ್ದು. "ಮುಕ್ಕಾಲು ಆಗಿದೆ" ಅಂತ ಮೂರು ಸಲ ಹೇಳಿದೆ, ಮೂರು ಸಲವೂ ಅರ್ಧ ಆಗಿತ್ತು. ನನ್ನ ಸುಳ್ಳಿನ ಹಿಂದೆ ಎಷ್ಟು ಜನರ ಕ್ಯಾಲೆಂಡರ್ ಕೂತಿದೆ ಅಂತ ಹೊಳೆದಿರ್ಲಿಲ್ಲ. ಕಾಪಿ ಎಡಿಟರ್ ಆ ಎರಡು ವಾರ ನನಗೇಂತ ಬೇರೆ ಕೆಲಸ ಬಿಟ್ಟಿರ್ತಾರೆ, ಪ್ರೆಸ್ಸಲ್ಲಿ ಮಷಿನ್ ದಿನ ಗೊತ್ತು ಮಾಡಿರ್ತಾರೆ, ಮುಖಪುಟ ಮಾಡೋರು ಕತೆ ಕೇಳಿ ಕಾಯ್ತಾ ಇರ್ತಾರೆ. ಈಗ ನಾನು ಮಾಡೋದು ಇಷ್ಟೆ, ತಡ ಆಗತ್ತೆ ಅಂತ ನನಗೆ ಗೊತ್ತಾದ ದಿನಾನೇ ಒಂದು ಮೇಲ್ ಹಾಕ್ತೀನಿ, ನೆಪ ಹೇಳಲ್ಲ, ಹೊಸ ತಾರೀಖು ಹೇಳ್ತೀನಿ. ನಾಚಿಕೆ ಆಗತ್ತೆ, ಆದ್ರೆ ಒಂದೇ ಸಲ ಆಗತ್ತೆ.

ಗಡುವು ಅಂದ್ರೆ ರಷ್ಯನ್ ಕಾದಂಬರಿಕಾರ ದಾಸ್ತೋವ್‌ಸ್ಕಿಯ ಕತೆ ಹೇಳದೆ ಇರೋಕಾಗಲ್ಲ. ಸಾಲದಲ್ಲಿ ಮುಳುಗಿದ್ದಾಗ, 1865ರಲ್ಲಿ, ಸ್ಟೆಲ್ಲೋವ್‌ಸ್ಕಿ ಅನ್ನೋ ಪ್ರಕಾಶಕನ ಜೊತೆ ಒಂದು ಕರಾರು ಮಾಡ್ಕೊಂಡ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡ್ಬೇಕು, ಕೊಡದಿದ್ರೆ ಮುಂದಿನ ಒಂಬತ್ತು ವರ್ಷ ಇವನು ಏನು ಬರೆದ್ರೂ ಅವನು ಕಾಸು ಕೊಡದೆ ಅಚ್ಚು ಹಾಕಬಹುದು. ಒಂಬತ್ತು ವರ್ಷ! ಇವನು ಏನ್ ಮಾಡಿದ, ಆ ವರ್ಷವೆಲ್ಲ ಇನ್ನೊಂದು ದೊಡ್ಡ ಕಾದಂಬರಿಯನ್ನ ಪತ್ರಿಕೆಗೆ ಕಂತು ಕಂತಾಗಿ ಬರೀತಾ ಕೂತ. ನಾನು ಹೇಳಿದ್ನಲ್ಲ, ಎರಡು ಮಕ್ಕಳು ಒಟ್ಟಿಗೆ ಅಳ್ತಿದ್ವು. ಅಕ್ಟೋಬರ್ ಬಂತು, ಒಂದು ಪುಟ ಇಲ್ಲ. ಗೆಳೆಯರ ಸಲಹೆ ಮೇಲೆ ಶೀಘ್ರಲಿಪಿ ಕಲಿತ ಇಪ್ಪತ್ತು ವರ್ಷದ ಅನ್ನಾ ಅನ್ನೋ ಹುಡುಗಿಯನ್ನ ಕೆಲಸಕ್ಕೆ ಕರೆದ. ಅವನು ಬಾಯಲ್ಲಿ ಹೇಳೋದು, ಅವಳು ಬರ್ಕೊಂಡು ಮನೇಲಿ ಕೂತು ಸಾಫ್ ಪ್ರತಿ ಮಾಡಿ ಮಾರನೇ ದಿನ ತರೋದು. 26 ದಿನದಲ್ಲಿ ಕಾದಂಬರಿ ಮುಗೀತು.

ಇದುವರೆಗಿನ ಕತೆ ಸುಮಾರು ಜನಕ್ಕೆ ಗೊತ್ತು. ನನಗೆ ಇಷ್ಟ ಆಗೋದು ಅದರ ಬಾಲ. ಹಸ್ತಪ್ರತಿ ಹಿಡ್ಕೊಂಡು ಹೋದ್ರೆ ಪ್ರಕಾಶಕ ಊರಲ್ಲೇ ಇಲ್ಲ, ಕಚೇರೀಲಿದ್ದೋರು ತಗೊಳ್ಳಲ್ಲ ಅಂದ್ರು. ಅಂದ್ರೆ ಬರೆದು ಮುಗಿಸಿಯೂ ಗಡುವು ತಪ್ಪಿದ ಹಾಗೆ! ಆಗ ಅವನು ಪೊಲೀಸ್ ಠಾಣೆಗೆ ಹೋಗಿ ಹಸ್ತಪ್ರತಿ ಒಪ್ಪಿಸಿ, ಈ ದಿನ ಸಿಕ್ಕಿದೆ ಅಂತ ರಸೀದಿ ಬರೆಸ್ಕೊಂಡ, ಗಡುವು ಮುಗಿಯೋಕೆ ಒಂದೆರಡು ಗಂಟೆ ಇತ್ತು ಅಷ್ಟೆ. ಒಂಬತ್ತು ವರ್ಷದ ಬರವಣಿಗೆ ಉಳಿಸಿದ್ದು ಆ ಒಂದು ಚೀಟಿ. ಮುಂದಿನ ಫೆಬ್ರವರೀಲಿ ಅನ್ನಾಳನ್ನೇ ಮದುವೆ ಆದ, ಆಮೇಲೆ ಅವನ ಪುಸ್ತಕಗಳ ವ್ಯವಹಾರವನ್ನೆಲ್ಲ ಅವಳೇ ನೋಡ್ಕೊಂಡ್ಳು. ಪ್ರೇಮಕತೆ ಅಂತಾರೆ. ಇರಬಹುದು. ನನಗಂತೂ ಅವನ ಜೀವನದಲ್ಲಿ ಮೊದಲನೇ ಸಲ ಕಾಗದ ಪತ್ರ ಸರಿಯಾಗಿ ಇಟ್ಕೊಳ್ಳೋರು ಒಬ್ರು ಸಿಕ್ರು ಅನ್ಸತ್ತೆ.

ನಾನೂ ಅಂದಿನಿಂದ, ಅಂದ್ರೆ ಆ ಕತೆ ಓದಿದಾಗಿನಿಂದ, ಏನು ಕಳಿಸಿದ್ರೂ "ಸಿಕ್ಕಿದೆ ಅಂತ ಒಂದು ಸಾಲು ಬರೀರಿ" ಅಂತ ಕೇಳ್ತೀನಿ. ಕೆಲವರಿಗೆ ಕಿರಿಕಿರಿ, ಆಗ್ಲಿ ಬಿಡಿ.

ಕಾಗದ ಪತ್ರಕ್ಕೇ ಬಂದ್ವಲ್ಲ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ. ನನ್ನ ಮೊದಲ ಪುಸ್ತಕದ ಅಗ್ರಿಮೆಂಟಿಗೆ ನಾನು ನಿಂತ್ಕೊಂಡೇ ಸಹಿ ಹಾಕಿದ್ದೆ. ಖುಷೀಲಿ ಕೂರೋಕೂ ಆಗ್ಲಿಲ್ಲ. ಅದರಲ್ಲಿ ಒಂದು ಸಾಲಿತ್ತು, ಎಲ್ಲಾ ಭಾಷೆಗಳಲ್ಲಿ, ಎಲ್ಲಾ ರೂಪಗಳಲ್ಲಿ, ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲಾ ಮಾಧ್ಯಮಗಳಲ್ಲಿ ಹಕ್ಕು ಪ್ರಕಾಶಕರದು ಅಂತ. ಕಾದಂಬರೀಲಿ "ಎಲ್ಲಾ" ಅನ್ನೋ ಪದ ಒಂದೇ ಸಾಲಲ್ಲಿ ಮೂರು ಸಲ ಬಂದಿದ್ರೆ ನಾನು ಕೆಂಪು ಗೆರೆ ಎಳೀತಿದ್ದೆ. ಇಲ್ಲಿ ಕಣ್ಣೇ ಬೀಳ್ಲಿಲ್ಲ. ಆಮೇಲೆ ಒಬ್ರು ಆಡಿಯೋ ಪುಸ್ತಕ ಮಾಡ್ತೀವಿ ಅಂತ ಬಂದ್ರು, ಒಳ್ಳೆ ದನಿಯೋರು, ನನಗೂ ಆಸೆ, ಕೊಡೋಕೆ ನನ್ನ ಹತ್ರ ಹಕ್ಕೇ ಇಲ್ಲ. ಆ ಪ್ರಕಾಶಕರು ಕೆಟ್ಟೋರೇನಲ್ಲ, ಅವರೂ ಮಾಡ್ಲಿಲ್ಲ, ಇವರಿಗೂ ಕೊಡ್ಲಿಲ್ಲ, ಫೈಲು ಕೂತಲ್ಲೇ ಕೂತಿದೆ. ಒಂದು ಕಾದಂಬರಿ ಅಂದ್ರೆ ಒಂದು ಹಕ್ಕಲ್ಲ ಅಂತ ನನಗೆ ಅರ್ಥ ಆಗಿದ್ದು ಆಗ. ಮುದ್ರಣ ಬೇರೆ, ಇ-ಬುಕ್ ಬೇರೆ, ಆಡಿಯೋ ಬೇರೆ, ಅನುವಾದ ಬೇರೆ, ಸಿನಿಮಾ ನಾಟಕ ಬೇರೆ, ಒಂದೊಂದನ್ನೂ ಬಿಡಿಬಿಡಿಯಾಗಿ, ಇಷ್ಟು ವರ್ಷಕ್ಕೆ ಅಂತ ಕೊಡಬಹುದು. ಅವಧಿ ಬರೆದಿಲ್ಲ ಅಂದ್ರೆ ಕೇಳಿ. ಹಕ್ಕು ವಾಪಸ್ ಬರೋದು ಯಾವಾಗ ಅಂತ ಕೇಳಿ. ಮೊದಲೆಲ್ಲ ಪ್ರತಿ ಖಾಲಿಯಾಗಿ ಮರುಮುದ್ರಣ ಆಗದೇ ಇದ್ರೆ ಹಕ್ಕು ವಾಪಸ್ ಅಂತ ಇರೋದು, ಈಗ ಬೇಕಾದಾಗ ಒಂದೊಂದೇ ಪ್ರತಿ ಅಚ್ಚು ಹಾಕೋ ವ್ಯವಸ್ಥೆ ಬಂದಿದೆ, ಇ-ಬುಕ್ ಅಂತೂ ಯಾವತ್ತೂ ಖಾಲಿ ಆಗಲ್ಲ, ಹಾಗಾಗಿ ಆ ಹಳೇ ಸಾಲಿಗೆ ಅರ್ಥನೇ ಉಳಿದಿಲ್ಲ. ವರ್ಷಕ್ಕೆ ಇಷ್ಟು ಪ್ರತಿಗಿಂತ ಕಮ್ಮಿ ಮಾರಾಟ ಆದ್ರೆ ಅಂತ ಲೆಕ್ಕ ಬರೆಸ್ಕೊಳ್ಳೋದು ವಾಸಿ.

ರಾಯಲ್ಟೀಲೂ ಹಾಗೆ. 10% ಅಂದ್ರೆ 10% ತಾನೇ ಅಂತ ಎಲ್ರೂ ಅಂದ್ಕೊಳ್ತಾರೆ. ಯಾವುದರ 10%? ಮುಖಬೆಲೆ 100 ಅಂತ ಇಟ್ಕೊಳ್ಳಿ, ಮುಖಬೆಲೆ ಮೇಲೆ ಆದ್ರೆ ನಿಮಗೆ 10. ಆದ್ರೆ ಅಂಗಡಿಯೋರಿಗೆ 40% ಕಮಿಷನ್ ಹೋಗಿ ಪ್ರಕಾಶಕರ ಕೈಗೆ 60 ಬಂತು, ಕೈಗೆ ಬಂದಿದ್ದರ ಮೇಲೆ ಅಂತ ಅಗ್ರಿಮೆಂಟಲ್ಲಿದೆ ಅಂದ್ರೆ ನಿಮಗೆ 6. ಒಂದು ಪದದ ವ್ಯತ್ಯಾಸ. ಮುಂಗಡ ಕೊಡ್ತಾರೆ ಅಂದ್ರೆ ಅದೂ ಸಂಬಳ ಅಲ್ಲ, ಮುಂದೆ ಬರೋ ರಾಯಲ್ಟೀಲಿ ಮುರ್ಕೊಳ್ಳೋ ದುಡ್ಡು, ಅದು ಪೂರ್ತಿ ತೀರೋವರೆಗೆ ಸ್ಟೇಟ್‌ಮೆಂಟಲ್ಲಿ ಕೊನೇ ಸಾಲು ಸೊನ್ನೆನೇ. ಮೊನ್ನೆ ಸೋಮವಾರ ನನಗೆ ಬಂದ ಸ್ಟೇಟ್‌ಮೆಂಟಲ್ಲಿ ಮಾರಾಟದ ಕಾಲಮ್ಮಲ್ಲಿ ಮೈನಸ್ ಮೂರು ಅಂತ ಇತ್ತು. ಮೈನಸ್! ಅಂಗಡಿಗಳಿಂದ ಮಾರಾಟ ಆಗದೆ ವಾಪಸ್ ಬಂದ ಪ್ರತಿ ಮಾರಾಟಕ್ಕಿಂತ ಮೂರು ಜಾಸ್ತಿ ಅಂತ ಅರ್ಥ. ಆ ಆರು ತಿಂಗಳಲ್ಲಿ ನನ್ನ ಪುಸ್ತಕವನ್ನ ಲೋಕ ಮೂರು ಪ್ರತಿಯಷ್ಟು ಓದದೆ ಇತ್ತು. ಮನೇಲಿ ಹೇಳಿದೆ, ಯಾರೂ ನಗ್ಲಿಲ್ಲ, ಆಮೇಲೆ ಎಲ್ರೂ ಒಟ್ಟಿಗೆ ನಕ್ರು.

ಇನ್ನು ಅನುಮತಿ ಪತ್ರ. ಈ ಪುಸ್ತಕದ ಮೊದಲ ಪುಟದಲ್ಲಿ ನನಗಿಷ್ಟವಾದ ಕವಿತೆಯ ನಾಕು ಸಾಲು ಹಾಕಿದ್ದೆ. ನಾಕೇ ಸಾಲಲ್ವಾ ಅಂತ ನಾನು, ಕವಿತೆ ಇರೋದೇ ಹದಿನಾರು ಸಾಲು ಅಂತ ಸಂಪಾದಕರು. ಕೃತಿಗೆ ಹಕ್ಕು ಬರೋಕೆ ಎಲ್ಲೂ ನೋಂದಣಿ ಮಾಡಿಸ್ಬೇಕಿಲ್ಲ, 1886ರಲ್ಲಿ ಶುರುವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಬರೆದ ಕೂಡ್ಲೇ ಹಕ್ಕು ಹುಟ್ಟತ್ತೆ, ಆ ಒಪ್ಪಂದದ ಪ್ರಕಾರ ಕವಿ ಹೋದ ಮೇಲೂ ಕಮ್ಮಿ ಅಂದ್ರೆ 50 ವರ್ಷ ಉಳಿಯತ್ತೆ, ಎಷ್ಟೋ ಕಡೆ ಇನ್ನೂ ಜಾಸ್ತಿ. ಹಾಗಾಗಿ ಕವಿಯ ಮನೆಯೋರಿಗೆ ಬರೆದೆ. ಎರಡು ತಿಂಗಳಾದ್ಮೇಲೆ ಉತ್ತರ ಬಂತು, ತುಂಬ ಮರ್ಯಾದೆಯಾಗಿ, ಎಷ್ಟು ಪ್ರತಿ ಅಚ್ಚಾಗತ್ತೆ, ಯಾವ ಯಾವ ದೇಶದಲ್ಲಿ ಮಾರ್ತೀರ, ಇ-ಬುಕ್ ಇದೆಯಾ ಅಂತ ಪ್ರಶ್ನೆ. ಉತ್ತರ ಹೊಂದಿಸೋ ಹೊತ್ತಿಗೆ ಪುಟ ಕಟ್ಟೋ ದಿನ ಬಂತು, ತೆಗೆದ್ವಿ. ಆ ಪುಟ ಈಗ ಖಾಲಿ ಇದೆ. ಇಲ್ದೇನೇ ಚೆನ್ನಾಗಿದೆ ಅಂತ ಎಲ್ರೂ ಸಮಾಧಾನ ಹೇಳ್ತಾರೆ. ನನಗೆ ಇಲ್ಲ.

ಐಎಸ್‌ಬಿಎನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ, ಇದು ನನ್ನ ಹುಚ್ಚು, ಕ್ಷಮಿಸಿ. ಪುಸ್ತಕದ ಗುರುತಿಗೆ ಅಂತ ಹಿಂದೆ ಹಾಕಿರೋ ಆ ಸಂಖ್ಯೆ 2007ರಿಂದ 13 ಅಂಕಿ, ಅದಕ್ಕೆ ಮುಂಚೆ 10. ಪೇಪರ್‌ಬ್ಯಾಕಿಗೊಂದು, ಗಟ್ಟಿ ರಟ್ಟಿಂದಕ್ಕೊಂದು, ಇ-ಬುಕ್ಕಿಗೊಂದು, ಬೇರೆ ಬೇರೆ. ಅದರ ಕೊನೇ ಅಂಕಿಗೆ ಸ್ವಂತ ಅರ್ಥ ಇಲ್ಲ, ಅದು ಕಾವಲಿಗೆ ನಿಂತಿರೋದು. ಎಡದಿಂದ ಒಂದು ಅಂಕಿಯನ್ನ 1ರಿಂದ, ಪಕ್ಕದ್ದನ್ನ 3ರಿಂದ, ಮತ್ತೆ 1ರಿಂದ, ಮತ್ತೆ 3ರಿಂದ ಹೀಗೆ ಗುಣಿಸ್ತಾ ಹೋಗಿ ಎಲ್ಲ ಕೂಡಿದ್ರೆ ಮೊತ್ತ ಹತ್ತರಿಂದ ಸರಿಯಾಗಿ ಭಾಗ ಆಗ್ಬೇಕು. ಎಲ್ಲಾದ್ರೂ ಒಂದು ಅಂಕಿ ತಪ್ಪಿ ಬರೆದ್ರೂ ಲೆಕ್ಕ ಕೂಡಲ್ಲ, ಸಿಕ್ಕಿಬೀಳತ್ತೆ. 240 ಪುಟಕ್ಕೆ ಅಂಥ ಒಂದು ಅಂಕಿ ಇಲ್ವಲ್ಲ ಅಂತ ನನಗೆ ಹೊಟ್ಟೆಕಿಚ್ಚು. ನಮಗಿರೋದು ಪ್ರೂಫ್ ನೋಡೋ ಒಬ್ರು, ಅವರ ಹೆಸರು ಎಷ್ಟೋ ಪುಸ್ತಕಗಳಲ್ಲಿ ಎಲ್ಲೂ ಇರೋದೇ ಇಲ್ಲ.

ಇಷ್ಟೆಲ್ಲದರ ಮಧ್ಯೆ ಬರೆಯೋದು ಯಾವಾಗ ಅಂತ ಕೇಳ್ತೀರಿ. ಬೆಳಗ್ಗೆ. ಮೇಲ್ ತೆಗೆಯೋಕೆ ಮುಂಚೆ. ಇದರಲ್ಲಿ ನನ್ನದೇನೂ ಹೊಸದಿಲ್ಲ, ಟ್ರೋಲಪ್ ಅಂತ ಇಂಗ್ಲಿಷ್ ಕಾದಂಬರಿಕಾರ, 47 ಕಾದಂಬರಿ ಬರೆದ, ಅದರಲ್ಲಿ ಎಷ್ಟೋ ಅಂಚೆ ಇಲಾಖೇಲಿ ಕೆಲಸ ಮಾಡ್ಕೊಂಡೇ. ಬೆಳಗ್ಗೆ ಐದೂವರೆಗೆ ಕೂರೋನು, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ ಅಂತ ಲೆಕ್ಕ. ಅವನು ಸತ್ತ ಮೇಲೆ 1883ರಲ್ಲಿ ಆತ್ಮಕತೆ ಬಂತು, ಅದರಲ್ಲಿ ಈ ಲೆಕ್ಕ ಎಲ್ಲ ಇದೆ, ಓದಿದ ಕೆಲವರಿಗೆ ಇದೇನು ಸಾಹಿತ್ಯವಾ ಗುಮಾಸ್ತಗಿರಿಯಾ ಅನ್ಸಿತಂತೆ. 250ರ ಲೆಕ್ಕ ನನ್ನ ಕೈಲಾಗಲ್ಲ. ನಾನು ಕದ್ದಿದ್ದು ಇನ್ನೊಂದನ್ನ, ಅವನು ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದಿದ್ದನ್ನ ಓದೋನು. ನಿನ್ನೆ ಸಂಜೆಯೆಲ್ಲ ಬೇರೆ ಪುಸ್ತಕದ ಪ್ರೂಫಲ್ಲಿದ್ದು ಬಂದ ತಲೆಗೆ ಈ ಪುಸ್ತಕದ ಕಿವಿ ವಾಪಸ್ ಬರೋಕೆ ಆ ಅರ್ಧ ಗಂಟೆ ಬೇಕೇ ಬೇಕು. ಮಧ್ಯಾಹ್ನ ಎಡಿಟ್. ಕಾಗದ ಪತ್ರ ಎಲ್ಲ ಶುಕ್ರವಾರ, ಒಂದೇ ದಿನ, ಶುಕ್ರವಾರ ನನ್ನ ಹತ್ರ ಮಾತಾಡ್ಬೇಡಿ ಅಂತ ಮನೇಲಿ ಎಲ್ರಿಗೂ ಗೊತ್ತು.

ಸರಿ, ಚಂದ್ರನ ವಿಷಯ. ಸೋಮವಾರ ಇಡೀ ಸಂಜೆ ತಲೆ ಕೆಡಿಸ್ಕೊಂಡೆ. ಲಾಟೀನು ಹಚ್ಚೋಣ್ವಾ ಅಂತ ಯೋಚಿಸಿದೆ, ಮನೆ ಬಿಟ್ಟು ಓಡೋನು ಲಾಟೀನು ಹಿಡ್ಕೊಂಡು ಹೋಗ್ತಾನಾ. ಮಂಗಳವಾರ ಬೆಳಗ್ಗೆ, ಬೇರೆ ಪುಸ್ತಕ ಬರೀತಾ ಕೂತಿದ್ದಾಗ, ಹೊರಗೆ ಯಾರೋ ಚಪ್ಪಲಿ ಎಳ್ಕೊಂಡು ಹೋದ ಸದ್ದು ಕೇಳ್ತು. ತಾಯಿಗೆ ಯಾಕೆ ಕಾಣ್ಬೇಕು, ಕೇಳಿದ್ರೆ ಸಾಕಲ್ವಾ. ಬಾರು ಹರಿದ ಚಪ್ಪಲಿ, ಒಂದು ಕಾಲಿನ ಸದ್ದು ಇನ್ನೊಂದರ ತರ ಇರಲ್ಲ, ಕತ್ತಲೇಲೂ ಮಗ ಅಂತ ಗೊತ್ತಾಗತ್ತೆ. ಆದ್ರೆ ಚಪ್ಪಲಿ 174ನೇ ಪುಟದಲ್ಲಿ ದಿಢೀರಂತ ಹರಿಯೋಕಾಗಲ್ಲ, ಮೊದ್ಲೇ ಓದುಗರ ಕಿವಿಗೆ ಬಿದ್ದಿರ್ಬೇಕು. ಎರಡನೇ ಅಧ್ಯಾಯದಲ್ಲಿ, 31ನೇ ಪುಟದಲ್ಲಿ, ತಮ್ಮ ಹೊರಗಿಂದ ಬರೋ ಒಂದು ಜಾಗ ಇತ್ತು. ಎರಡು ಸಾಲು ಸಾಕು. ಆದ್ರೆ ಆ ಅಧ್ಯಾಯದ ಕೊನೇ ಪುಟ ತುಂಬಿತ್ತು, ಎರಡು ಸಾಲು ಸೇರಿಸಿದ್ರೆ ಹೊಸ ಪುಟಕ್ಕೆ ಚೆಲ್ಲತ್ತೆ, ಮುಂದಿನ ಅಧ್ಯಾಯಗಳೆಲ್ಲ ಜರಗ್ತವೆ, 241, ಹದಿನಾರನೇ ಫಾರಂ.

ಅಂದ್ರೆ ಎರಡು ಸಾಲು ಹಾಕೋಕೆ ಎರಡು ಸಾಲು ತೆಗೀಬೇಕು, ಅದೂ ಅದೇ ಪ್ಯಾರಾದಲ್ಲಿ. ಆ ಪ್ಯಾರಾದಲ್ಲಿ ಇದ್ದಿದ್ದು ಮಳೆ ನಿಂತ ಮೇಲೆ ಸೂರಿಂದ ತೊಟ್ಟಿಕ್ಕೋ ನೀರಿನ ವರ್ಣನೆ. ಈ ಕಾದಂಬರಿಗೆ ಅಂತ ನಾನು ಬರೆದ ಮೊಟ್ಟಮೊದಲ ಸಾಲುಗಳು ಅವು, ಮೂರು ವರ್ಷದ ಹಿಂದೆ, ಕತೆ ಏನು ಅಂತ ಗೊತ್ತಾಗೋಕೂ ಮುಂಚೆ. ಮಂಗಳವಾರ ಮಧ್ಯಾಹ್ನ ಇಡೀ ಅವುಗಳನ್ನ ಬಿಟ್ಟು ಪುಟದಲ್ಲಿ ಮಿಕ್ಕಿದ್ದೆಲ್ಲ ಕತ್ತರಿಸೋಕೆ ನೋಡಿದೆ, ಒಂದೊಂದು ಪದ ಕಿತ್ತು ಸಾಲು ಎಳೆಯೋಕೆ ನೋಡಿದೆ, ಒಂದೂವರೆ ಸಾಲು ಸಿಕ್ತು, ಇನ್ನರ್ಧ ಸಿಗ್ಲಿಲ್ಲ. ಬುಧವಾರ ನಾಕು ಗಂಟೆಗೆ ಸೂರಿನ ನೀರು ತೆಗೆದು ಚಪ್ಪಲಿ ಹಾಕಿದೆ, 174ರಲ್ಲಿ ನೆರಳಿದ್ದ ಕಡೆಯೆಲ್ಲ ಸದ್ದು ಮಾಡಿದೆ, ಸಾಲು ಎಣಿಸಿದೆ, ಇನ್ನೊಂದ್ಸಲ ಎಣಿಸಿದೆ, ಐದೂವರೆಗೆ ಕಳಿಸಿದೆ. ಸಿಕ್ಕಿದೆ ಅಂತ ಒಂದು ಸಾಲು ಬರೀರಿ ಅಂತ ಕೆಳಗೆ ಎಂದಿನಂತೆ ಹಾಕಿದ್ದೆ.

ಹತ್ತು ನಿಮಿಷಕ್ಕೆ ಪ್ರೂಫ್ ನೋಡೋರಿಂದ ಉತ್ತರ ಬಂತು. "ಸಿಕ್ಕಿದೆ. ಪುಟ 31ರಲ್ಲಿ ಬಾರು ಹರಿದಿರೋದು ಎಡಗಾಲಿನ ಚಪ್ಪಲೀದು. 174ರಲ್ಲಿ ಬಲಗಾಲು ಅಂತಿದೆ. ಯಾವ್ದು ಇಟ್ಕೊಳ್ಲಿ?"